ಸೊಮ್ ನದೀತೀರದ ಆಬ್ವಿಲ್ ಪಟ್ಟಣವೂ ಶಿಲಾಯುಗದ ಪ್ರಮಾಣವೂ

ಫ್ರಾನ್ಸ್ ದೇಶದ ಉತ್ತರಭಾಗದಲ್ಲಿ ಸೊಮ್ ಎಂಬ ನದಿಯು ಸೀಮೆಸುಣ್ಣದ ದಿಬ್ಬಗಳ ನಡುವೆ ಮಂದಗತಿಯಿಂದ ಹರಿದು ಸಮುದ್ರವನ್ನು ಸೇರುತ್ತದೆ. ಸಂಗಮಕ್ಕೆ ಅನತಿದೂರದಲ್ಲಿ ಅದರ ದಡದ ಮೇಲಿರುವ ಸಣ್ಣ ಪಟ್ಟಣವೇ ಆಬ್ವಿಲ್. ಮನುಷ್ಯಜಾತಿಯ ಪ್ರಾಚೀನತೆಯನ್ನು ಗ್ರಂಥಗಳ ನೆರವಿಲ್ಲದೆ ಭೂಮಿಯ ಪದರಗಳಿಂದಲೇ ಸಾಧಿಸಬಹುದೆಂಬ ಮಾತು ವಿದ್ವಲ್ಲೋಕದಲ್ಲಿ ನೆಲೆಗೊಂಡುದು ಬಹುಮಟ್ಟಿಗೆ ಈ ಪಟ್ಟಣದ ಮತ್ತು ನೆರೆಯ ಆಮಿಯಾಂ ನಗರದ ಜಲ್ಲಿಗುಂಡಿಗಳಿಂದ. ತರ್ಕವನ್ನು ಓದಿದವರಿಗೆ ಆ ಸಾಧನೆಯ ಕ್ರಮವು ಶಿಲೆಗಳಿಗಿಂತಲೂ ರುಚಿಕರವಾದುದು.

ನದಿಯು ಪೂರ್ವದಲ್ಲಿ ಈಗಿಗಿಂತ ಎತ್ತರದಲ್ಲಿ ಹರಿಯುತ್ತಿದ್ದು, ಪಾತ್ರವನ್ನು ಕೊರೆದು ಕೆಳಗಿಳಿದಂತೆಲ್ಲ ಹಳೆಯ ಜಲ್ಲಿಯನ್ನು ಇಳಿಜಾರಿನಲ್ಲಿ ಮೆಟ್ಟಿಲುಗಳಂತೆ ಬಿಟ್ಟುಹೋಗಿದೆ. ಆದುದರಿಂದ ಮೇಲಿನ ಮೆಟ್ಟಿಲು ಹಳೆಯದು, ಕೆಳಗಿನದು ಹೊಸದು. ಆದರೆ ಒಂದೇ ಮೆಟ್ಟಿಲಿನೊಳಗೆ ಅಡಿಯ ಪದರವೇ ಹಳೆಯದು. ಈ ವಿಪರ್ಯಯವನ್ನು ವಾಚಕರು ನೆನಪಿನಲ್ಲಿಡಬೇಕು.

ಆಬ್ವಿಲಿನಲ್ಲಿ ಈ ಶೋಧನೆಗೆ ಮೊದಲಿಟ್ಟವನು ಪಿಕಾರ್ ಎಂಬ ವೈದ್ಯನು. 1841ರಲ್ಲಿ ಅವನು ತೀರಿಕೊಂಡ ಮೇಲೆ, ಅಲ್ಲಿಯ ಸುಂಕದ ಅಧಿಕಾರಿಯಾಗಿದ್ದ ಬೂಶೆ ದ ಪೆರ್ತ್ ಎಂಬಾತನು ಕಾರ್ಯವನ್ನು ಕೈಕೊಂಡನು. ಈಗ ಆ ದೇಶದಲ್ಲಿಲ್ಲದ ಆನೆ, ಖಡ್ಗಮೃಗಗಳ ಎಲುಬುಗಳಿದ್ದ ಪದರಗಳಲ್ಲಿಯೇ, ಕೈಯಿಂದ ಕೆತ್ತಿದ ಚಕಮಕಿಕಲ್ಲಿನ ಕೊಡಲಿಗಳೂ ದೊರೆಯುವುವೆಂದು ಆತನು 1849ರಲ್ಲಿ ಹೊರಬಂದ ಗ್ರಂಥದಲ್ಲಿ ಸಾರಿದನು. ವಿದ್ವಾಂಸರು ನಕ್ಕರು. ನಗುವಿಗೆ ಕಾರಣವೂ ಇಲ್ಲದಿರಲಿಲ್ಲ: ನೀರಿನ ಹೊಡೆತದಿಂದ ಮೃಗಪಕ್ಷಿಗಳಂತೆ ಕಾಣುವ ಸಹಜಶಿಲೆಗಳನ್ನೂ ಆತನು ಆದಿಮಾನವರ ಶಿಲ್ಪವೆಂದು ಅದರಲ್ಲಿಯೇ ಮುದ್ರಿಸಿದ್ದನು. ಸದ್ಧೇತುವಿನೊಡನೆ ಹೇತ್ವಾಭಾಸವನ್ನು ಬೆರಸಿದವನ ವಾದವು ಸತ್ಯವಾಗಿದ್ದರೂ ಸಭೆಯಲ್ಲಿ ನಿಲ್ಲಲಾರದಷ್ಟೆ.

ಶಿವಾಲಿಕ ಬೆಟ್ಟಗಳ ಪುರಾತನ ಎಲುಬುಗಳನ್ನು ಶೋಧಿಸಿ ಹೆಸರಾಂತ ಫಾಲ್ಕನರನು 1858ರಲ್ಲಿ ಆಬ್ವಿಲಿಗೆ ಬಂದು ಈ ಸಂಗ್ರಹವನ್ನು ನೋಡಿ, ಭೂಶಾಸ್ತ್ರಜ್ಞನಾದ ಪ್ರೆಸ್ಟ್‌ವಿಚ್ಚನನ್ನು ಪ್ರೇರಿಸಿದನು. ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಇಬ್ಬರೂ 1859ರ ಏಪ್ರಿಲ್ 27ರಂದು ಆಮಿಯಾಂ ಬಳಿಯ ಸೇಂತ್ ಆಶೆಲ್ ಗುಂಡಿಯಲ್ಲಿ, ಕದಡದ ಪದರದಲ್ಲಿ ಕೊಡಲಿಯು ಇನ್ನೂ ನೆಟ್ಟಿರುವಾಗಲೇ ಅದನ್ನು ಕಂಡು ಛಾಯಾಚಿತ್ರ ತೆಗೆಯಿಸಿದರು. ಕೂಲಿಯವರ ಮಾತಿನ ಸ್ಥಾನದಲ್ಲಿ ಪ್ರತ್ಯಕ್ಷವು ಬಂದು ನಿಂತಿತು. ಅದೇ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ವಿಷಯವು ಓದಲ್ಪಟ್ಟಿತು.

ಕೊಡಲಿ ದೊರೆಯಿತು, ಮಾಡಿದವನ ಎಲುಬೆಲ್ಲಿ? ಬೂಶೆಯು 200 ಫ್ರಾಂಕುಗಳ ಬಹುಮಾನವನ್ನು ಸಾರಿದನು. 1863ರ ಮಾರ್ಚಿಯಲ್ಲಿ ಊರಿನ ಮುಲಾಂ ಕಿನ್ಯೊಂ ಎಂಬ ಗುಂಡಿಯಿಂದ ಮನುಷ್ಯನ ದವಡೆಯೊಂದು ಹೊರಬಂದಿತು. ಫ್ರೆಂಚರು ಒಪ್ಪಿದರು, ಆಂಗ್ಲರು ಸಂಶಯಪಟ್ಟರು. ಕೊನೆಗೆ ಅದು ಈಚಿನ ಕಾಲದ ಎಲುಬೆಂದೂ, ಹಣದಾಸೆಯಿಂದ ಹುಗಿದಿಟ್ಟುದೆಂದೂ ನಿಶ್ಚಯವಾಯಿತು. ಇದರ ಫಲವು ವಿಚಿತ್ರ. ದವಡೆಯೊಡನೆ ಆ ಸ್ಥಳವೇ ದೂಷಿತವಾಗಿ, ಒಂದೂವರೆ ಶತಮಾನ ಅದರ ಗೊಡವೆಗೆ ಹೆಚ್ಚಾಗಿ ಯಾರೂ ಹೋಗಲಿಲ್ಲ. ಹೇತುವು ಅಸಿದ್ಧವಾದರೆ ಸಾಧ್ಯವು ಸಿದ್ಧವಾಗಲಿಲ್ಲವೆಂದಷ್ಟೇ ಹೇಳಬಹುದು. ಸಾಧ್ಯವೇ ಇಲ್ಲವೆಂದು ಹೇಳಲಾಗದು. ಈ ಸಾಮಾನ್ಯನ್ಯಾಯವನ್ನು ಪಂಡಿತರೇ ಮರೆತರು. 2017ರಲ್ಲಿ ಅಲ್ಲಿ ಮರಳಿ ಅಗೆದಾಗ 260ಕ್ಕೂ ಹೆಚ್ಚು ಚಕಮಕಿಯ ಉಪಕರಣಗಳೂ ಚೂರುಗಳೂ, ಅವುಗಳಲ್ಲಿ ಐದು ಕೈಗೊಡಲಿಗಳೂ ದೊರೆತುವು. ಅವುಗಳ ಕಾಲ ಸುಮಾರು 6,50,000 ವರ್ಷಗಳ ಹಿಂದೆ ಎಂದು 2019ರಲ್ಲಿ ಪ್ರಕಟವಾಯಿತು.

ಬೂಶೆಯ ಸಂಗ್ರಹದ ಬಹುಭಾಗವು 1940ರ ಮೇ ತಿಂಗಳ ಜರ್ಮನ್ ಬಾಂಬುದಾಳಿಯಲ್ಲಿ ಸುಟ್ಟುಹೋಯಿತು. ಉಳಿದುದು ಹೆಸರು. ಸೇಂತ್ ಆಶೆಲಿನ ಹೆಸರಿನಿಂದ ಮೊರ್ತಿಯೆ ಎಂಬಾತನು 1872ರಲ್ಲಿ ರೂಢಿಗೆ ತಂದ ‘ಆಶೂಲಿಯನ್’ ಎಂಬ ಸಂಜ್ಞೆಯು ನಮ್ಮ ನಾಡಿಗೂ ಬಂದಿದೆ. ದವಡೆಯ ಗಲಭೆಯೆದ್ದ 1863ರಲ್ಲಿಯೇ, ಮೇ 30ರಂದು, ರಾಬರ್ಟ್ ಬ್ರೂಸ್ ಫೂಟನು ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಧವೊಂದನ್ನು ಕಂಡನು. ಮುಂದೆ ಬಳ್ಳಾರಿ, ರಾಯಚೂರು ಸೀಮೆಗಳಲ್ಲಿಯೂ ಶೋಧಿಸಿದನು. ಯಾದಗಿರಿ ಜಿಲ್ಲೆಯ ಹುಣಸಗಿ ಬಯಲಿನ ಇಸಾಂಪುರದ ಕೈಗೊಡಲಿಗಳನ್ನು ಆ ಫ್ರೆಂಚ್ ಹೆಸರಿನಿಂದಲೇ ಕರೆಯುತ್ತಾರೆ. ಅವುಗಳಿಗೆ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಗಣಿಸಿದ್ದಾರೆ.