ಒಂದೇ ಗಣಕದೊಳಗೆ ಹಲವು ಗಣಕಗಳು

1964ರಲ್ಲಿ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸಿಡಿಸಿ 3600 ಎಂಬ ಬೃಹತ್ ಗಣಕಯಂತ್ರವು ಸ್ಥಾಪನೆಗೊಂಡಿತು. ದೇಶದ ಅನೇಕ ಸಂಸ್ಥೆಗಳ ಸಂಶೋಧಕರು ಆ ಒಂದೇ ಯಂತ್ರವನ್ನು ಹಂಚಿಕೊಂಡು ಬಳಸಿದರು. ಇಂದು ಅದೇ ನಗರದ ಉಪನಗರಗಳಲ್ಲಿ, ಎರಡನೆಯ ಮೇಜಿಗೂ ಸ್ಥಳವಿಲ್ಲದ ಮನೆಗಳಲ್ಲಿ, ಸಮಸ್ಯೆಯು ಬೇರೊಂದು ರೂಪದಲ್ಲಿದೆ. ಮಗಳ ವ್ಯಾಸಂಗಕ್ಕೆ ಲಿನಕ್ಸ್ ಬೇಕು. ತಂದೆಯ ಅಂಗಡಿಯ ಲೆಕ್ಕಪತ್ರದ ತಂತ್ರಾಂಶವು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಒಂದನ್ನು ಅಳಿಸಿ ಇನ್ನೊಂದನ್ನು ಅಳವಡಿಸಹೊರಟರೆ ವರ್ಷಗಳ ಕಡತಗಳು ನಾಶವಾಗುವ ಭಯವುಂಟು.

ಇದಕ್ಕೆ ಪರಿಹಾರವೇ ವರ್ಚುವಲ್ ಮೆಷಿನ್, ಅಂದರೆ ತಂತ್ರಾಂಶದಿಂದಲೇ ರಚಿತವಾದ ಕಲ್ಪಿತ ಗಣಕ. ನಿಜವಾದ ಗಣಕವು ಆತಿಥೇಯ. ಅದರ ಒಂದು ಕಿಟಕಿಯೊಳಗೆ ನಡೆಯುವ ವ್ಯವಸ್ಥೆಯು ಅತಿಥಿ. ಅತಿಥಿಯ ಪಾಲಿಗೆ ಇಡೀ ಡಿಸ್ಕ್ ಎಂದು ಕಾಣುವುದು ವಾಸ್ತವದಲ್ಲಿ ಆತಿಥೇಯನ ಒಂದು ಕಡತ ಮಾತ್ರ. ಆದುದರಿಂದ ಅತಿಥಿ ವ್ಯವಸ್ಥೆಯು ಕೆಟ್ಟರೆ ಆ ಕಡತವನ್ನು ಅಳಿಸಿದರಾಯಿತು. ಮನೆಯ ಉಳಿದ ದಾಖಲೆಗಳಿಗೆ ಧಕ್ಕೆಯಿಲ್ಲ. ಈ ಕಲ್ಪನೆ ಹೊಸದಲ್ಲ. ಐಬಿಎಂ ಸಂಸ್ಥೆಯು 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗಾಗಿ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು.

ಲಿನಕ್ಸ್ ಬಳಕೆದಾರರಿಗೆ ಇದರ ಸಾಧನವು ಫ್ಯಾಬ್ರಿಸ್ ಬೆಲ್ಲಾರ್ಡ್ ಅವರು ಆರಂಭಿಸಿದ ಕ್ಯೂಎಮು. 2007ರಿಂದ ಲಿನಕ್ಸ್ ತಿರುಳಿನಲ್ಲಿಯೇ ಸೇರಿರುವ ಕೆವಿಎಂ ಇದಕ್ಕೆ ವೇಗವನ್ನು ಒದಗಿಸುತ್ತದೆ. ಆದರೆ ಕ್ಯೂಎಮುವಿಗೆ ನೀಡಬೇಕಾದ ಆದೇಶಗಳು ಸಾಲುಗಟ್ಟಲೆ ಉದ್ದವಾಗಿದ್ದು, ಅನುಭವಿಗಳನ್ನೂ ಕಂಗೆಡಿಸುತ್ತವೆ. ಮಾರ್ಟಿನ್ ವಿಂಪ್ರೆಸ್ ಅವರು ಆರಂಭಿಸಿದ ಕ್ವಿಕೆಮು ಎಂಬ ಸ್ಕ್ರಿಪ್ಟ್ ಈ ತೊಡಕನ್ನು ನಿವಾರಿಸುತ್ತದೆ. ಸ್ಕ್ರಿಪ್ಟ್ ಎಂದರೆ ಗಣಕವು ಕ್ರಮವಾಗಿ ಪಾಲಿಸಬೇಕಾದ ಆದೇಶಗಳನ್ನು ಬರೆದಿಟ್ಟ ಪಠ್ಯ. ಬಳಕೆದಾರನು ಇದರ ಜೊತೆಗಾರನಾದ ಕ್ವಿಕ್‌ಗೆಟ್‌ಗೆ ಬೇಕಾದ ವ್ಯವಸ್ಥೆಯ ಹೆಸರನ್ನೂ ಆವೃತ್ತಿಯನ್ನೂ ತಿಳಿಸಿದರೆ, ಅದು ಅಂತರಜಾಲದಿಂದ ಅನುಸ್ಥಾಪನಾ ಕಡತವನ್ನು ಇಳಿಸಿಕೊಂಡು ಒಂದು ಚಿಕ್ಕ ಸಂರಚನಾ ಕಡತವನ್ನು ಸಿದ್ಧಪಡಿಸುತ್ತದೆ. ಕ್ವಿಕೆಮು ಅದನ್ನು ಓದಿ, ಆತಿಥೇಯ ಗಣಕದ ಸಾಮರ್ಥ್ಯವನ್ನು ಪರಿಶೀಲಿಸಿ, ಅತಿಥಿಗೆ ಎಷ್ಟು ಸ್ಮೃತಿಯನ್ನು ಕೊಡಬೇಕೆಂಬುದನ್ನು ತಾನೇ ನಿರ್ಧರಿಸುತ್ತದೆ. ಎರಡೇ ಆದೇಶಗಳಲ್ಲಿ ಕೆಲಸವು ಮುಗಿಯುತ್ತದೆ. ಪಟ್ಟಿಯಲ್ಲಿಲ್ಲದ ವ್ಯವಸ್ಥೆಗಾದರೆ ಸಂರಚನಾ ಕಡತವನ್ನು ಕೈಯಾರೆ ಬರೆದುಕೊಳ್ಳಬಹುದು. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿರುವ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅವಕಾಶವಿರುವ ಬಾಸ್ ಲಿನಕ್ಸನ್ನು ಹೀಗೆ ಪರೀಕ್ಷಿಸಿ ನೋಡಬಹುದು.

ಕೆಲವು ಮಿತಿಗಳನ್ನು ಮೊದಲೇ ಅರಿತಿರುವುದು ಲೇಸು. ಅತಿಥಿಗೆ ಕೊಡುವ ಸ್ಮೃತಿಯು ಆತಿಥೇಯನ ಪಾಲಿನಿಂದಲೇ ಹೋಗಬೇಕು. 4 ಜಿಬಿ ಸ್ಮೃತಿಯ ಹಳೆಯ ಗಣಕದಲ್ಲಿ ಎರಡೂ ಕುಂಟತೊಡಗುತ್ತವೆ. ಗಣಕದ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಸೌಲಭ್ಯವನ್ನು ಸಕ್ರಿಯಗೊಳಿಸಿರಬೇಕು. ಅನುಸ್ಥಾಪನಾ ಕಡತಗಳು ಹಲವು ಜಿಬಿ ಗಾತ್ರದವಾದ್ದರಿಂದ ಮೊಬೈಲ್ ಡೇಟಾವನ್ನು ನೆಚ್ಚಿಕೊಂಡವರು ಎಚ್ಚರ ವಹಿಸಬೇಕು. ವಿಂಡೋಸ್‌ನ ಕಡತವು ಸುಲಭವಾಗಿ ದೊರೆತರೂ ಪರವಾನಗಿಯನ್ನು ಪ್ರತ್ಯೇಕವಾಗಿ ಪಡೆಯತಕ್ಕದ್ದು. ಆತಿಥೇಯ ಗಣಕದಲ್ಲಿ ವಿಂಡೋಸ್ ಇರುವವರಿಗೆ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶವು ಹೆಚ್ಚು ಅನುಕೂಲ.

ಅತಿಥಿಯಾಗಿ ಬಂದ ಲಿನಕ್ಸನ್ನು ಬಳಸುವ ಬಗೆಯನ್ನು ಕಲಿಯಬಯಸುವವರಿಗೆ ಪವಯಿಯಲ್ಲಿರುವ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಉಚಿತವಾಗಿ ಲಭ್ಯವಿವೆ. ಅವುಗಳಲ್ಲಿ ಹಲವನ್ನು ಕನ್ನಡದ ಧ್ವನಿಯಲ್ಲಿಯೂ ಕೇಳಬಹುದು.