ಅಲಾಯ್ ವೀಲ್ ಬ್ಯಾಲೆನ್ಸಿಂಗ್: ರಿಮ್‌ಗೆ ಗೀರು ಬೀಳದ ಹಾಗೆ ಮಾಡಿಸೋದು ಹೇಗೆ?

ಶಿವಮೊಗ್ಗ ಊರೊಳಗೆ 40ರ ವೇಗದಲ್ಲಿ ನಿಮ್ಮ ಕಾರು ಆರಾಮಾಗಿ ಹೋಗುತ್ತೆ. ಅದೇ ಕಾರು ಬಿ.ಎಚ್. ರಸ್ತೆಯಲ್ಲಿ ಭದ್ರಾವತಿ ಕಡೆ 80 ದಾಟಿದ ತಕ್ಷಣ ಸ್ಟೇರಿಂಗ್ ನಡುಗೋಕೆ ಶುರು ಮಾಡಿದರೆ, ಮೊದಲ ಅನುಮಾನ ವೀಲ್ ಬ್ಯಾಲೆನ್ಸಿಂಗ್ ಮೇಲೆ. ಕಾರು ಒಂದೇ ಕಡೆಗೆ ಎಳೀತಾ ಇದ್ದರೆ ಅದು ಅಲೈನ್‌ಮೆಂಟ್ ವಿಷಯ, ಬೇರೆ ಕೆಲಸ.

ನಾನು ಓದಿದ್ದು ಕಾಮರ್ಸ್. ಹಾಗಾಗಿ ಲೆಕ್ಕದಿಂದಲೇ ಹೇಳ್ತೀನಿ. 15 ಇಂಚಿನ ರಿಮ್ ಅಂಚಿನಲ್ಲಿ ಒಂದು ಕಡೆ 30 ಗ್ರಾಂ ಜಾಸ್ತಿ ಇದೆ ಅಂದ್ಕೊಳ್ಳಿ. 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತೆ. ಆಗ ಆ 30 ಗ್ರಾಂ ಹತ್ತಿರ ಹತ್ತಿರ 5 ಕೆ.ಜಿ. ಭಾರದಷ್ಟು ಎಳೆಯುತ್ತೆ. ವೇಗ ಅರ್ಧ ಆದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತೆ. ಊರೊಳಗೆ ಗೊತ್ತಾಗದೇ ಇರೋದು ಇದಕ್ಕೇ.

ಅಂದ್ರೆ ಬ್ಯಾಲೆನ್ಸಿಂಗ್ ಬೇಕೇ ಬೇಕು. ಆದರೆ ಅದನ್ನ ಮಾಡಿಸುವಾಗಲೇ ರಿಮ್ ಹಾಳಾಗೋದೂ ಉಂಟು, ಅದೂ ನಾವು ಪಕ್ಕದಲ್ಲಿ ಕೂತು ಮೊಬೈಲ್ ನೋಡ್ತಾ ಇರೋ ಹತ್ತು ನಿಮಿಷದಲ್ಲಿ. ಅದಕ್ಕೇ ಯಂತ್ರ ಆನ್ ಆಗೋ ಮೊದಲು ನಾಲ್ಕು ವಿಷಯ ಕೇಳಿಬಿಡಿ.

ಒಂದು, ಯಾವ ವೇಟ್? ಮಾಮೂಲಿ ಸ್ಟೀಲ್ ರಿಮ್‌ಗೆ ಅಂಚಿನ ಮೇಲೆ ಸುತ್ತಿಗೆಯಿಂದ ಬಡಿದು ಕ್ಲಿಪ್ ವೇಟ್ ಕೂರಿಸ್ತಾರೆ. ಅಲಾಯ್ ಅಂದ್ರೆ ಅಲ್ಯೂಮಿನಿಯಂ, ಮೇಲೊಂದು ತೆಳು ಲೇಪನ. ಕ್ಲಿಪ್ ಆ ಲೇಪನ ಸೀಳಿದರೆ ನಮ್ಮ ಮಲೆನಾಡಿನ ಮಳೆ ನೀರು ಒಳಗೆ ಇಳಿಯುತ್ತೆ. ಉಕ್ಕಿನ ಕ್ಲಿಪ್, ಅಲ್ಯೂಮಿನಿಯಂ, ನೀರು ಮೂರೂ ಸೇರಿದರೆ ಸವೆಯೋದು ಅಲ್ಯೂಮಿನಿಯಂ. ಬಿಳಿ ಪುಡಿ ಕಾಣಿಸುತ್ತೆ, ಅದು ಟೈರ್ ಕೂರೋ ಜಾಗದವರೆಗೆ ಹಬ್ಬಿದರೆ ಗಾಳಿ ನಿಧಾನಕ್ಕೆ ಇಳಿಯುತ್ತೆ. 1923ರಿಂದ ಕಬ್ಬಿಣದ ಕಾರ್ಖಾನೆ ಇರೋ ಭದ್ರಾವತಿಯವರಿಗೆ ಲೋಹದ ವಿಷಯ ನಾನು ಹೇಳಬೇಕಾಗಿಲ್ಲ! "ಅಣ್ಣ, ಅಂಟಿಸೋ ವೇಟ್ ಹಾಕಿ, ಕಡ್ಡಿಗಳ ಹಿಂದೆ, ಒಳಗಡೆ" ಅಂತ ಹೇಳಿ. ಬ್ರೇಕ್‌ಗೆ ತಾಗದ ಜಾಗ ನೋಡಿ ಅಂಟಿಸಬೇಕು.

ಎರಡು, ಜಾಗ ಒರೆಸಿ ಒಣಗಿಸಿದ್ದಾರಾ? ಧೂಳು, ತೇವ ಇದ್ದರೆ ವೇಟ್ ಅಂಟೋದಿಲ್ಲ. ಆಗುಂಬೆ ಮಳೆಯಲ್ಲಿ ಒಂದು ಸುತ್ತು ಹೋಗಿಬರೋದರೊಳಗೆ ಬಿದ್ದೇ ಹೋಗಬಹುದು. ಹಳೇ ವೇಟ್ ತೆಗೆಯೋಕೆ ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ ಪಟ್ಟಿ ಸಾಕು.

ಮೂರು, ಟೈರ್ ಬಿಚ್ಚೋ ಯಂತ್ರದ ಹಿಡಿತಕ್ಕೆ ಪ್ಲಾಸ್ಟಿಕ್ ಕವರ್ ಇದೆಯಾ? ಟೈರ್ ಬದಲಾಯಿಸುವಾಗ ಗೀರು ಬೀಳೋದು ಆ ಕಬ್ಬಿಣದ ಹಿಡಿತ ಮತ್ತು ಸಲಾಕೆಯಿಂದ. ಕವರ್ ಇಲ್ಲದಿದ್ದರೆ ಬೇರೆ ಅಂಗಡಿ ನೋಡಿ. ಸಂಕೋಚ ಬೇಡ.

ನಾಲ್ಕು, ಚಕ್ರ ಸರಿಯಾಗಿ ನಡುಮಧ್ಯಕ್ಕೆ ಕೂತಿದೆಯಾ? ಹೊರಗಿಂದ ತಂದು ಹಾಕಿಸಿದ ಅಲಾಯ್‌ಗಳಲ್ಲಿ ನಡುವಿನ ತೂತು ಕಾರಿನ ಹಬ್‌ಗಿಂತ ದೊಡ್ಡದಿರೋದು ಸಾಮಾನ್ಯ. ಆ ಸಂದು ತುಂಬೋಕೆ ಹಬ್ ರಿಂಗ್ ಅಂತ ಒಂದು ಬಳೆ ಬರುತ್ತೆ. ಚಕ್ರ ಬಿಚ್ಚಿದಾಗ ಅದು ಕಳೆದುಹೋದರೆ, ಯಂತ್ರ ಸೊನ್ನೆ ತೋರಿಸಿದರೂ ರಸ್ತೆಯಲ್ಲಿ ಕಾರು ನಡುಗುತ್ತೆ. ವಾಪಸ್ ಹಾಕಿದ್ದಾರಾ ಅಂತ ಕಣ್ಣಾರೆ ನೋಡಿ.

ಪರೀಕ್ಷೆ ಮಾಡೋದೂ ಸುಲಭ. ವೇಟ್ ಅಂಟಿಸಿದ ಮೇಲೆ ಇನ್ನೊಮ್ಮೆ ತಿರುಗಿಸಿ, ಎರಡೂ ಬದಿಗೆ ಸೊನ್ನೆ ಬರಬೇಕು. ಆಮೇಲೆ ಚಕ್ರ ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ನೋಡೋಕೆ ಹೇಳಿ. ಈಗ ದೊಡ್ಡ ಅಂಕೆ ಬಂದರೆ ಚಕ್ರ ಯಂತ್ರದ ಮೇಲೆ ನೆಟ್ಟಗೆ ಕೂತಿಲ್ಲ. ಒಂದೇ ಚಕ್ರ ಪಟ್ಟಿಗಟ್ಟಲೆ ವೇಟ್ ಕೇಳ್ತಾ ಇದ್ದರೆ ಅಂಟಿಸ್ತಾ ಹೋಗಬೇಡಿ. ಗುಂಡಿಗೆ ಬಿದ್ದು ರಿಮ್ ಸೊಟ್ಟಗಾಗಿರಬಹುದು, ಬಿರುಕು ಬಿಟ್ಟಿರಬಹುದು, ಅಥವಾ ಟೈರ್ ಕೆಟ್ಟಿರಬಹುದು. ಬಿರುಕು ಬಿಟ್ಟ ಅಲಾಯ್ ಹಾಕ್ಕೊಂಡು ಘಾಟಿ ಇಳಿಯೋದು ಜೀವದ ಜೊತೆ ಆಟ.

ಬ್ಯಾಲೆನ್ಸಿಂಗ್‌ಗೆ ಆಗೋದು ಸಣ್ಣ ಖರ್ಚು, ಒಂದು ಹೊಸ ಅಲಾಯ್‌ಗೆ ಆಗೋದು ದೊಡ್ಡ ಖರ್ಚು. ಆ ಹತ್ತು ನಿಮಿಷ ಮೊಬೈಲ್ ಜೇಬಲ್ಲಿರಲಿ. ಈ ಎಪಿಸೋಡ್ ಅಂಗಡಿಗೆ ಹೋಗೋ ದಾರಿಯಲ್ಲೇ ಕೇಳಿ ಮುಗಿಸಿ. ಮುಂದಿನ ವಾರ ಸಿಗೋಣ.