ಬಂದೂಕಿನ ಒದೆತ
ಹಲಸಿಯ ದೇಗುಲದಲ್ಲಿ ಭೂವರಾಹನಿಗೆ ಪೂಜೆ. ಸುತ್ತಲಿನ ಹೊಲಗಳಲ್ಲಿ ಕಾಡುಹಂದಿಯ ಕಾಟ! (ಅನುಮತಿಯಿಲ್ಲದೆ ಅದನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ.) ಬೆಳೆ ರಕ್ಷಣೆಯ ಬಂದೂಕು ಸಿಡಿದಾಗ ಭುಜಕ್ಕೆ ಒದೆಯುವುದೇಕೆ? ನ್ಯೂಟನ್ನನ ಮೂರನೆಯ ನಿಯಮ ಎನ್ನುತ್ತೀರಿ. ಸರಿ, ಆದರೆ ಮುಂದಕ್ಕೆ ನುಗ್ಗುವುದು ಗುಂಡು ಮಾತ್ರವಲ್ಲ, ಮದ್ದಿನ ಅನಿಲವೂ ಹೌದು.

ಅಮೆರಿಕದಲ್ಲಿ ಹೊಲ ತೋಡುವ ದಂಶಕಗಳಿಗೆ ಬಳಸುವ '.223' ರೈಫಲನ್ನೇ ನೋಡಿ. ಗುಂಡು ಸುಮಾರು 3.6 ಗ್ರಾಂ, ಮದ್ದು 1.7 ಗ್ರಾಂ. ಅನಿಲ ಗುಂಡಿಗಿಂತಲೂ ವೇಗವಾಗಿ ಹೊರಬರುವುದರಿಂದ ಸಂವೇಗದ ಮೂರನೆಯ ಒಂದು ಪಾಲಿನಷ್ಟು ಅದರದೇ. ನಳಿಗೆಯ ಮೂತಿಗೆ ತಿರುಪುವ ರಂಧ್ರಗಳ ಕೊಳವೆ, ಅಂದರೆ ಮಝಲ್ ಬ್ರೇಕ್, ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತ ತಗ್ಗಿಸುತ್ತದೆ. ಈ ರೈಫಲಿನ ಒದೆತ ಮೊದಲೇ ಅಲ್ಪ. ನಿಜವಾದ ಲಾಭವೆಂದರೆ ನಳಿಗೆ ನೆಗೆಯದೆ ದುರ್ಬೀನಿನಲ್ಲಿ ಗುರಿ ಕಾಣುತ್ತಲೇ ಇರುವುದು.

ಬೆಲೆ ತೆರುವುದು ಕಿವಿ. ರೈಫಲಿನ ಸದ್ದು ಹೇಗೂ 140 ಡೆಸಿಬೆಲ್ ಮೀರಿರುತ್ತದೆ. ಬ್ರೇಕ್ ಅದನ್ನು ಹಿಡಿದವನತ್ತಲೇ, ಪಕ್ಕದಲ್ಲಿ ನಿಂತವನತ್ತಲೂ ತಿರುಗಿಸುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.